ಜನ ಕಡಿಮೆಯಾದರೂ ಬಾಡಿಗೆ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನಾವು ಚಿಕ್ಕಮಗಳೂರಿನಲ್ಲಿ ಹತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಇಬ್ಬರದೂ ಸೇರಿ ತಿಂಗಳಿಗೆ 38 ಸಾವಿರ ಬರುತ್ತದೆ. ಬಾಡಿಗೆ 9 ಸಾವಿರ. ನಮ್ಮ ಜಿಲ್ಲೆಯಲ್ಲಿ ಜನಸಂಖ್ಯೆ ಇಳಿಯುತ್ತಿದೆ ಅಂತ ಓದಿದೆ. ನಮ್ಮ ಬೀದಿಯಲ್ಲೇ ನಾಲ್ಕು ಮನೆಗೆ ಬೀಗ ಬಿದ್ದಿದೆ. ಆದರೂ ವರ್ಷ ವರ್ಷ ಬಾಡಿಗೆ ಏರುತ್ತದೆ, ಸೈಟಿನ ರೇಟಂತೂ ಕೇಳೋ ಹಾಗೇ ಇಲ್ಲ. ಇದು ಹೇಗೆ? ಇನ್ನೈದು ವರ್ಷ ಕಾದರೆ ಬೆಲೆ ಇಳಿಯುತ್ತದಾ? ಊರಾಚೆ 30×40 ಸೈಟೊಂದು 18 ಲಕ್ಷಕ್ಕೆ ಬಂದಿದೆ, ಸಾಲ ಮಾಡಿ ತಗೊಳ್ಳೋದಾ? ಈಗಿನ ಮನೆ ಮಾಲೀಕರು 6 ಲಕ್ಷ ಕೊಟ್ಟು ಲೀಸಿಗೆ ಇರಿ ಅಂತಲೂ ಹೇಳುತ್ತಿದ್ದಾರೆ.

ಉತ್ತರ: ಸಣ್ಣ ಊರುಗಳ ವಸತಿ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ನೀವು ಕೇಳಿದ ಮೊದಲ ಪ್ರಶ್ನೆಯನ್ನು ಊರಿನ ನಕ್ಷೆ ಬರೆಯುವವರೂ ಕೇಳಿಕೊಳ್ಳಬೇಕಿತ್ತು. ನೀವು ಕಂಡಿದ್ದರಲ್ಲಿ ತಪ್ಪಿಲ್ಲ. ಜನ ಕಡಿಮೆ ಆಗುವುದು, ಮನೆಗೆ ಬೀಗ ಬೀಳುವುದು, ಬಾಡಿಗೆ ಏರುವುದು ಇವೆಲ್ಲ ಒಂದೇ ಊರಿನಲ್ಲಿ ಒಟ್ಟಿಗೇ ನಡೆಯುತ್ತವೆ. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಮೊದಲು ಅಂಕಿ ನೋಡೋಣ. 2001ರ ಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ಹತ್ತು ವರ್ಷದಲ್ಲಿ ಸುಮಾರು ಮೂರು ಸಾವಿರ ಜನ ಕಡಿಮೆ. ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಏರಿತ್ತು. ರಾಜ್ಯದಲ್ಲಿ ಜನ ಇಳಿದ ಜಿಲ್ಲೆ ಇದೊಂದೇ. ಕೊಡಗು, ಮಂಡ್ಯ, ಹಾಸನ ಜಿಲ್ಲೆಗಳೂ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು, ಏರಿದ್ದು ಶೇ. 1ರಿಂದ 3ರ ಆಸುಪಾಸು ಅಷ್ಟೇ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಗಿ 2027ಕ್ಕೆ ಬಂದಿದೆ. ಹಾಗಾಗಿ ಊರಿನ ಲೆಕ್ಕಕ್ಕೆ ಈ ಹಳೆಯ ಅಂಕಿಯನ್ನೇ ಹಿಡಿಯಬೇಕು.

ಜನ ಯಾಕೆ ಇಳಿದರು ಅನ್ನುವುದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದ್ದು ನಿಮಗೂ ನೆನಪಿರಬಹುದು. ಆಗ ಎಷ್ಟೋ ಮನೆಗಳಲ್ಲಿ "ತೋಟ ನಮ್ಮ ಕಾಲಕ್ಕೇ ಸಾಕು, ಹುಡುಗರು ಓದಿ ಬೆಂಗಳೂರು ಸೇರಲಿ" ಅಂತ ತೀರ್ಮಾನ ಆಯಿತು. ಓದಿದವರು ಹೋದರು, ಹೋದವರು ವಾಪಸ್ ಬರಲಿಲ್ಲ. ಉಳಿದವರಿಗೆ ಮಕ್ಕಳು ಒಂದೋ ಎರಡೋ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. 2011ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,008 ಹೆಂಗಸರಿದ್ದರು. ದುಡಿಯೋಕೆ ಹೊರಗೆ ಹೋದ ಗಂಡಸರ ಜಾಗ ಖಾಲಿ ಬಿದ್ದಿರುವುದು ಈ ಒಂದು ಅಂಕಿಯಲ್ಲೂ ಕಾಣುತ್ತದೆ.

ಆದರೆ ಇದು ಜಿಲ್ಲೆಯ ಮಾತು. ನೀವಿರುವುದು ಟೌನಿನಲ್ಲಿ. ಜಿಲ್ಲೆ ಇಳಿಯುವಾಗ ಟೌನ್ ಏರುತ್ತಿತ್ತು. 2001ರಲ್ಲಿ ಒಂದು ಲಕ್ಷದ ಆಸುಪಾಸು ಇದ್ದ ಚಿಕ್ಕಮಗಳೂರು ನಗರ 2011ಕ್ಕೆ 1,18,401 ಆಯಿತು. ಹಳ್ಳಿ ಬಿಟ್ಟವರಲ್ಲಿ ಒಂದು ಪಾಲು ಬೆಂಗಳೂರಿಗೆ ಹೋದರೆ, ಇನ್ನೊಂದು ಪಾಲು ಟೌನಿನಲ್ಲೇ ಇಳಿದುಕೊಂಡಿತು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮ ಅಜ್ಜಂದಿರು ಗಣತಿಗೆ ಖಾನೇಷುಮಾರಿ ಅನ್ನುತ್ತಿದ್ದರು. ಖಾನೆ ಅಂದರೆ ಮನೆ, ಷುಮಾರಿ ಅಂದರೆ ಎಣಿಕೆ. ಅಂದರೆ ಮನೆ ಎಣಿಸುವ ಕೆಲಸ. ಗಣತಿಯವರಿಗೆ ಕುಟುಂಬ ಅಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೂ ಒಲೆ ಬೇರೆ ಆದರೆ ಅದು ಎರಡು ಕುಟುಂಬ. ನಾವೂ ಹಾಗೇ ಅನ್ನುತ್ತೇವಲ್ಲ, "ಅವರು ಒಲೆ ಬೇರೆ ಮಾಡಿಕೊಂಡರಂತೆ" ಅಂತ. ಮನೆ ಬೇಕಾಗುವುದು ತಲೆ ಲೆಕ್ಕಕ್ಕಲ್ಲ, ಒಲೆ ಲೆಕ್ಕಕ್ಕೆ. ನಿಮ್ಮ ಬೀದಿಯ ಬಾಡಿಗೆ ಏರುವ ಗುಟ್ಟು ಇರುವುದು ಇಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಊರಿನಲ್ಲಿ ಸಾವಿರ ಜನ, ಮನೆಗೆ ಐದು ಮಂದಿ ಅನ್ನಿ. ಇನ್ನೂರು ಮನೆ ಸಾಕು. ಹತ್ತು ವರ್ಷದಲ್ಲಿ ಐವತ್ತು ಜನ ಕಡಿಮೆಯಾದರು, ಮನೆಗೆ ನಾಲ್ಕೇ ಮಂದಿ ಆದರು. 950 ಜನಕ್ಕೆ ಈಗ 238 ಮನೆ ಬೇಕು. ಜನ ಇಳಿದರು, ಮನೆ ಮಾತ್ರ 38 ಜಾಸ್ತಿ ಬೇಕಾಯಿತು. ಕರ್ನಾಟಕದಲ್ಲಿ ನಿಜವಾಗಿ ಆದದ್ದೂ ಇದೇ. 2001ರಲ್ಲಿ ಒಂದು ಕುಟುಂಬದಲ್ಲಿ ಸರಾಸರಿ ಐದು ಜನರ ಆಸುಪಾಸು ಇದ್ದದ್ದು 2011ಕ್ಕೆ 4.6ಕ್ಕೆ ಬಂತು. ಆ ಹತ್ತು ವರ್ಷದಲ್ಲಿ ರಾಜ್ಯದ ಕುಟುಂಬಗಳ ಸಂಖ್ಯೆ ಕಾಲುಭಾಗಕ್ಕಿಂತಲೂ ಜಾಸ್ತಿ ಏರಿತು. ಅದು ನಿಂತಿಲ್ಲ. ನಿಮ್ಮ ಅಜ್ಜನ ಮನೆಯಲ್ಲಿ ಊಟಕ್ಕೆ ಎಷ್ಟು ಎಲೆ ಹಾಕುತ್ತಿದ್ದರು, ಈಗ ನಿಮ್ಮ ಮನೆಯಲ್ಲಿ ಎಷ್ಟು ತಟ್ಟೆ ಇಡುತ್ತೀರಿ, ನೋಡಿಕೊಳ್ಳಿ.

ಚಿಕ್ಕಮಗಳೂರಿನಲ್ಲಿ ಹೊಸ ಒಲೆ ಹೂಡುತ್ತಿರುವವರು ಯಾರು? ಮೊದಲನೆಯವರು ತೋಟದವರು. ಕೊಪ್ಪ, ಮೂಡಿಗೆರೆ, ಆಲ್ದೂರು ಕಡೆಯ ಎಷ್ಟೋ ಕುಟುಂಬಗಳಿಗೆ ಎರಡು ಮನೆ. ಮಕ್ಕಳನ್ನು ಓದಿಸೋಕೆ ಅಂತ ಹೆಂಡತಿ ಟೌನಿನಲ್ಲಿ ಮನೆ ಮಾಡಿಕೊಂಡಿರುತ್ತಾರೆ, ಗಂಡ ತೋಟದಲ್ಲಿ. ಶನಿವಾರ ಒಂದಾಗುತ್ತಾರೆ. ಜನ ಅಷ್ಟೇ, ಒಲೆ ಎರಡು. ಮಕ್ಕಳು ಓದಿ ಹೊರಟ ಮೇಲೂ ಟೌನಿನ ಮನೆ ಬಿಡುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಅಪ್ಪ ಅಮ್ಮನಿಗೆ ಬಿಪಿ, ಶುಗರ್ ಶುರುವಾಗಿ ಆಸ್ಪತ್ರೆ ಹತ್ತಿರ ಇರಬೇಕು ಅನಿಸುತ್ತದೆ. ಎರಡನೆಯವರು ಓದೋಕೆ ಬಂದ ಹುಡುಗ ಹುಡುಗಿಯರು. ಇಂಜಿನಿಯರಿಂಗ್ ಕಾಲೇಜು ಮೊದಲಿಂದಲೂ ಇತ್ತು, ಈಗ ಸರ್ಕಾರಿ ಮೆಡಿಕಲ್ ಕಾಲೇಜೂ ಬಂದಿದೆ. ನಾಲ್ಕು ಜನ ಸೇರಿ ಒಂದು ಮನೆ ಹಿಡಿದರೆ ತಲೆಗೆ 3 ಸಾವಿರ ಕೊಟ್ಟರೂ 12 ಸಾವಿರ ಆಗುತ್ತದೆ. ನಿಮ್ಮಂಥ ಕುಟುಂಬ ಅವರ ಜೊತೆ ಪೈಪೋಟಿ ಮಾಡಬೇಕು.

ಮೂರನೆಯವರು ಇಲ್ಲಿ ಇರುವವರೇ ಅಲ್ಲ. ವಾರಕ್ಕೆ ಎರಡು ದಿನ ಬರುವವರು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡೋಕೆ ಬರುವವರಿಗಾಗಿ ಟೌನಿನ ಮನೆಗಳೂ ಹೋಂಸ್ಟೇ ಆಗುತ್ತಿವೆ. ಮನೆ ಮಾಲೀಕರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಎರಡು ಕೋಣೆಯ ಮನೆ ನಿಮಗೆ ಕೊಟ್ಟರೆ ತಿಂಗಳಿಗೆ 9 ಸಾವಿರ. ಅದೇ ಎರಡು ಕೋಣೆಯನ್ನು, ಕೋಣೆಯೊಂದಕ್ಕೆ ರಾತ್ರಿಗೆ 2 ಸಾವಿರದಂತೆ, ತಿಂಗಳಿಗೆ ಎಂಟೇ ರಾತ್ರಿ ಕೊಟ್ಟರೂ 32 ಸಾವಿರ. ಮಾಲೀಕರನ್ನು ಬೈದು ಪ್ರಯೋಜನ ಇಲ್ಲ. ಆದರೆ ಹೋಂಸ್ಟೇ ಅಂದರೆ ಮಾಲೀಕರು ತಾವೂ ವಾಸ ಇರುವ ಮನೆ. ಬರೀ ಬೀಗದ ಕೈ ಕೊಟ್ಟು ನಡೆಸುವುದು ಲಾಡ್ಜು. ಈ ವ್ಯತ್ಯಾಸವನ್ನು ಸ್ಥಳೀಯ ಆಡಳಿತ ಗಟ್ಟಿಯಾಗಿ ಹಿಡಿದರೆ ಟೌನಿನ ಒಳಗೆ ಒಂದಿಷ್ಟು ಮನೆ ಬಾಡಿಗೆಗೆ ವಾಪಸ್ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನಾಲ್ಕನೆಯವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇವರ ಸುದ್ದಿ ಯಾರೂ ಎತ್ತುವುದಿಲ್ಲ. ತೋಟದ ಲೈನ್ ಮನೆಗಳಲ್ಲಿ ಹುಟ್ಟಿ, ದುಡಿದು, ಈಗ ವಯಸ್ಸಾದವರು ಇವರು. 1951ರ ತೋಟ ಕಾರ್ಮಿಕರ ಕಾಯ್ದೆ, ಕೆಲಸಗಾರರಿಗೆ ಮನೆ ಕೊಡುವುದು ಮಾಲೀಕರ ಹೊಣೆ ಅಂದಿತು. ಒಳ್ಳೆಯದೇ. ಆದರೆ ಆ ಮನೆ ಕೆಲಸ ಇರುವ ತನಕ ಮಾತ್ರ. ಕೆಲಸ ಮುಗಿದ ದಿನ ಮನೆಯೂ ಮುಗಿಯಿತು. ಕೆಲವು ವರ್ಷದ ಹಿಂದೆ ಒಂದು ತೋಟದಲ್ಲಿ ಇಂಥ ಮನೆಗೆ ಹೋಗಿದ್ದೆ. ಒಂದೇ ಸಾಲಿನಲ್ಲಿ ಎಂಟು ಬಾಗಿಲು. ಒಂದು ಬಾಗಿಲಿಗೆ ಒಂದು ಕೋಣೆ, ಹಿಂದೆ ಅಡುಗೆಗೆ ಒಂದಿಷ್ಟು ಜಾಗ. ಗೋಡೆ ಹೊಗೆಗೆ ಕಪ್ಪಾಗಿತ್ತು. ಬಾಗಿಲ ಹಿಂದೆ ಮೊಳೆಗೆ ಒಂದು ಕಂಬಳಿ ಕೊಪ್ಪೆ ನೇತು ಹಾಕಿತ್ತು, ಅಂಚೆಲ್ಲ ಸವೆದು ದಾರ ದಾರ ಆಗಿತ್ತು. ಅಲ್ಲಿದ್ದ ತಾಯಿ ಚಿಗುರು ತೆಗೆಯುವುದು, ಹಣ್ಣು ಕುಯ್ಯುವುದು ಅಂತ ಮೂವತ್ತು ವರ್ಷಕ್ಕೂ ಜಾಸ್ತಿ ದುಡಿದವರು. ಮಂಡಿ ನೋವು, ಇನ್ನು ಆಗುವುದಿಲ್ಲ. ಹೊಸ ಕೆಲಸಗಾರರು ಅಸ್ಸಾಂ ಕಡೆಯಿಂದ ಬರುತ್ತಿದ್ದಾರೆ, ಅವರಿಗೆ ಕೋಣೆ ಬೇಕು, ಬಿಟ್ಟುಕೊಡಿ ಅಂತ ಹೇಳಿಯಾಗಿತ್ತು. ಅವರು ನನ್ನನ್ನು ಕೇಳಿದ್ದು ಇಷ್ಟೇ: "ಸಾರ್, ರೇಷನ್ ಕಾರ್ಡಿನ ಅಡ್ರೆಸ್ಸೇ ತೋಟದ್ದು. ಇಲ್ಲಿಂದ ಎದ್ದು ಹೋದಮೇಲೆ ನಾವು ಯಾವ ಊರಿನೋರು?"

ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂ ಕಂದಾಯ ಕಾಯ್ದೆಯ 94ಸಿ, ಪಟ್ಟಣದಲ್ಲಾದರೆ 94ಸಿಸಿ ಕಲಮಿನ ಅಡಿ ಹಕ್ಕುಪತ್ರ ಪಡೆಯುವ ದಾರಿ ಒಂದಿದೆ. ಲೈನ್ ಮನೆ ಇರುವುದು ಖಾಸಗಿ ತೋಟದ ಒಳಗೆ. ಇವರಿಗೆ ಆ ದಾರಿಯೂ ಇಲ್ಲ. ಕೊನೆಗೆ ಟೌನಿನಲ್ಲಿ ಹೋಟೆಲಿಗೋ ಬಟ್ಟೆ ಅಂಗಡಿಗೋ ಹೋಗುವ ಮಗನ ಜೊತೆ ಒಂದು ಕೋಣೆಯ ಬಾಡಿಗೆ ಮನೆಗೆ ಬರುತ್ತಾರೆ. ಒಂದು ಕೋಣೆಯ ಮನೆಗಳ ಬಾಡಿಗೆಯೇ ಎಲ್ಲಕ್ಕಿಂತ ಬೇಗ ಏರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇನ್ನು ಬೀಗ ಹಾಕಿದ ಮನೆಗಳು. ಹಳೇ ಬೀದಿಯೊಂದರಲ್ಲಿ ಒಬ್ಬ ಅಜ್ಜಿಯ ಮನೆಗೆ ಆಗಾಗ ಹೋಗುತ್ತೇನೆ. ಮಂಗಳೂರು ಹೆಂಚಿನ ಮನೆ, ಒಟ್ಟು ಎಂಟು ಕೋಣೆ. ಅಜ್ಜಿ ಬಳಸುವುದು ಎರಡು. ಉಳಿದ ಆರಕ್ಕೆ ಬೀಗ. ಹಿರಿಯ ಮಗ ಬೆಂಗಳೂರಿನಲ್ಲಿ, ಕಿರಿಯವನು ಅಮೆರಿಕದಲ್ಲಿ. ಒಂದು ದಿನ ಕೇಳಿದೆ, "ಅಜ್ಜಿ, ಹಿಂದಿನ ಭಾಗ ಯಾರಿಗಾದರೂ ಕೊಡಬಹುದಲ್ಲ? ನಿಮಗೂ ಜನ ಇದ್ದ ಹಾಗೆ ಆಗುತ್ತೆ." ಅಜ್ಜಿ ಹೇಳಿದರು: "ಕೊಡೋದು ಸುಲಭ ಮಗಾ. ಬಿಡಿಸೋದು ಯಾರು?"

ಆ ಒಂದು ಮಾತಿನಲ್ಲಿ ಅರ್ಧ ಉತ್ತರ ಇದೆ. ಬಾಡಿಗೆಗೆ ಕೊಟ್ಟರೆ ಬಿಡುವುದಿಲ್ಲ, ಕೋರ್ಟು ಕಚೇರಿ ಅಂತ ಅಲೆಯಬೇಕಾಗುತ್ತದೆ ಅನ್ನುವ ಭಯ. ಇನ್ನರ್ಧ ಉತ್ತರ ಪಾಲು. ಎಷ್ಟೋ ಮನೆಗಳಲ್ಲಿ ವಿಭಾಗ ಆಗಿಲ್ಲ. ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದೆ. ಒಬ್ಬ ಮಗ ಬಾಡಿಗೆಗೆ ಕೊಡೋಣ ಅಂದರೆ ಇನ್ನೊಬ್ಬನಿಗೆ ಅನುಮಾನ. ಜಗಳಕ್ಕಿಂತ ಬೀಗ ವಾಸಿ ಅಂತ ಬಿಟ್ಟಿರುತ್ತಾರೆ.

ಬಾಡಿಗೆ ದುಡ್ಡು ಇವರಿಗೆ ದೊಡ್ಡದೂ ಅಲ್ಲ. ನೀವಿರುವ ಮನೆಯನ್ನೇ ತಗೊಳ್ಳಿ. ಮಾರಿದರೆ 50 ಲಕ್ಷ ಬರುತ್ತದೆ ಅನ್ನಿ. ನೀವು ವರ್ಷಕ್ಕೆ ಕೊಡುವುದು 1 ಲಕ್ಷ 8 ಸಾವಿರ. ನೂರು ರೂಪಾಯಿಗೆ ಎರಡು ರೂಪಾಯಿ ಚಿಲ್ಲರೆ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೂ ಅದಕ್ಕಿಂತ ಜಾಸ್ತಿ ಬರುತ್ತದೆ. ಸಣ್ಣ ಊರುಗಳಲ್ಲಿ ಮನೆ ಕಟ್ಟುವವರು, ಇಟ್ಟುಕೊಳ್ಳುವವರು ಬಾಡಿಗೆ ನೋಡಿ ಮಾಡುವುದಿಲ್ಲ, ಮುಂದೆ ಬೆಲೆ ಏರುತ್ತದೆ ಅಂತ ಮಾಡುತ್ತಾರೆ. ಅದರಲ್ಲೂ ಕಾಫಿಗೆ ಒಳ್ಳೆ ರೇಟು ಬಂದ ವರ್ಷ ಆ ದುಡ್ಡು ನೇರ ಟೌನಿನ ಸೈಟಿಗೆ ಬರುತ್ತದೆ. ಸೈಟು ಅವರಿಗೆ ತಿಜೋರಿ ಇದ್ದ ಹಾಗೆ.

ದೇಶದ ಕಥೆಯೂ ಬೇರೆಯಲ್ಲ. 2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ಸಮಿತಿ ನಗರಗಳಲ್ಲಿ 1.88 ಕೋಟಿ ಮನೆ ಕೊರತೆ ಇದೆ ಅಂತ ಲೆಕ್ಕ ಕೊಟ್ಟಿತು. ಅದರಲ್ಲಿ ನೂರಕ್ಕೆ 96 ಪಾಲು ಬಡವರು ಮತ್ತು ಕಡಿಮೆ ಆದಾಯದವರದು. ಮನೆಯೇ ಇಲ್ಲದವರು 5.3 ಲಕ್ಷ ಕುಟುಂಬ. ಸುಮಾರು ಒಂದೂವರೆ ಕೋಟಿ ಕುಟುಂಬಗಳಿಗೆ ಮನೆ ಇದೆ, ಆದರೆ ಜಾಗ ಸಾಲದೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದಾರೆ. ಮದುವೆಯಾದ ಮಗ ಸೊಸೆಗೆ ಒಂದು ಕೋಣೆ ಇಲ್ಲದ ಮನೆಗಳು ಇವು. ಅದೇ ಹೊತ್ತಿಗೆ 2011ರ ಗಣತಿ ನಗರಗಳಲ್ಲಿ 1.1 ಕೋಟಿ ಮನೆ ಖಾಲಿ ಇವೆ ಅಂದಿತು. ಖಾಲಿ ಮನೆ ಯಾರ ಹತ್ತಿರ ಇದೆಯೋ ಅವರಿಗೆ ಅದು ಬೇಕಾಗಿಲ್ಲ. ಬೇಕಾದವರ ಕೈಗೆ ಅದು ಎಟುಕುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಐದು ವರ್ಷ ಕಾದರೆ ಬೆಲೆ ಇಳಿಯುತ್ತದಾ? ನನಗೆ ಹಾಗೆ ಅನಿಸುವುದಿಲ್ಲ. ಕೇರಳದ ಪತ್ತನಂತಿಟ್ಟ ನೋಡಿ. 2001ರಿಂದ 2011ರ ನಡುವೆ ಅಲ್ಲಿ ಸುಮಾರು ಶೇ. 3ರಷ್ಟು ಜನ ಕಡಿಮೆಯಾದರು, ನಮಗಿಂತ ಎಷ್ಟೋ ಜಾಸ್ತಿ. ಗಲ್ಫಿಗೆ, ಅಮೆರಿಕಕ್ಕೆ ಹೋದವರು ಕಟ್ಟಿಸಿದ ದೊಡ್ಡ ದೊಡ್ಡ ಮನೆಗಳು ಬೀಗ ಹಾಕಿಕೊಂಡು ನಿಂತಿವೆ. ಹಾಗಂತ ಆ ಮನೆಗಳು ಅಲ್ಲಿನ ಆಟೋ ಓಡಿಸುವವರಿಗೆ ಬಾಡಿಗೆಗೆ ಸಿಗುತ್ತಿಲ್ಲ. ಖಾಲಿ ಇರುವುದು ದೊಡ್ಡ ಮನೆ, ಬೇಕಾಗಿರುವುದು ಸಣ್ಣ ಮನೆ.

ಕರ್ನಾಟಕದಲ್ಲಿ 2011ರಲ್ಲಿ 60 ದಾಟಿದವರು ನೂರಕ್ಕೆ 9.5. 2031ಕ್ಕೆ ಇದು 15 ಆಗುತ್ತದೆ ಅಂತ ಸರ್ಕಾರದ ಅಂದಾಜು. ಅಜ್ಜಿಯ ಮನೆಯಂಥವು ಇನ್ನು ಹತ್ತು ಹದಿನೈದು ವರ್ಷದಲ್ಲಿ ಒಂದೊಂದಾಗಿ ಮಾರಾಟಕ್ಕೆ ಬರುತ್ತವೆ. ಆ ದೊಡ್ಡ ಮನೆಗಳ ಬೆಲೆ ನಿಂತಲ್ಲೇ ನಿಲ್ಲಬಹುದು. ಆದರೆ ಬಸ್ ಸ್ಟ್ಯಾಂಡು, ಆಸ್ಪತ್ರೆ, ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಇರುವ ಸಣ್ಣ ಮನೆಗೆ ಎಲ್ಲರೂ ಕೈ ಚಾಚುತ್ತಾರೆ. ವಯಸ್ಸಾದವರಿಗೂ ಅದೇ ಬೇಕು, ಹೊಸದಾಗಿ ಮದುವೆಯಾದವರಿಗೂ ಅದೇ ಬೇಕು. ಊರು ಬೆಳೆಯೋಕೆ ಜಾಗವೂ ಸುತ್ತ ಒಂದೇ ಥರ ಇಲ್ಲ. ಒಂದು ಕಡೆ ಗಿರಿ, ಕಾಡು, ತೋಟ. ಸಮತಟ್ಟಾಗಿ ಸಿಗುವುದು ಹೆಚ್ಚಾಗಿ ಕಡೂರು ದಿಕ್ಕಿಗೆ. ಹಾಗಾಗಿ ಬೆಲೆ ಬೀಳುತ್ತದೆ ಅಂತ ಕಾಯಬೇಡಿ. ಹಾಗಂತ ಗಾಬರಿಯಾಗಿ ಕೈಗೆ ಸಿಕ್ಕಿದ್ದನ್ನು ಕೊಳ್ಳಲೂ ಬೇಡಿ.

ಆ 18 ಲಕ್ಷದ ಸೈಟಿನ ಲೆಕ್ಕ ಹೇಳುತ್ತೇನೆ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿದೆ. ಎಲ್ಲ ಸೇರಿ ಸುಮಾರು ಶೇ. 7.6, ಅಂದರೆ 1 ಲಕ್ಷ 37 ಸಾವಿರದಷ್ಟು. 13 ಲಕ್ಷ ಸಾಲ ಮಾಡಿದರೆ, ಬಡ್ಡಿ 8.5 ಅಂತ ಇಟ್ಟುಕೊಂಡು 20 ವರ್ಷಕ್ಕೆ, ತಿಂಗಳ ಕಂತು 11,300ರ ಹತ್ತಿರ. ಮನೆ ಇನ್ನೂ ಕಟ್ಟಿಲ್ಲ, ಹಾಗಾಗಿ 9 ಸಾವಿರ ಬಾಡಿಗೆಯೂ ನಿಲ್ಲುವುದಿಲ್ಲ. 38 ಸಾವಿರದಲ್ಲಿ 20 ಸಾವಿರ ಅಲ್ಲೇ ಹೋಯಿತು. ಉಳಿದ 18 ಸಾವಿರದಲ್ಲಿ ಊಟ, ಓಡಾಟ, ಆಸ್ಪತ್ರೆ. ಮನೆ ಕಟ್ಟೋಕೆ ದುಡ್ಡು ಯಾವಾಗ ಕೂಡುತ್ತದೆ? ಆರು ಚದರದ ಸಣ್ಣ ಮನೆ ಅಂದರೂ, ಚದರಕ್ಕೆ 2 ಲಕ್ಷ ಹಿಡಿದರೆ 12 ಲಕ್ಷ. ಇಂಥ ಸೈಟು ಕೊಂಡು ಹತ್ತು ವರ್ಷ ಗಿಡ ಬೆಳೆಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ನಾನಾಗಿದ್ದರೆ ಆ ಸೈಟು ತಗೊಳ್ಳುತ್ತಿರಲಿಲ್ಲ.

ಅದರ ಬದಲು ಟೌನಿನ ಒಳಗಿನ ಹಳೇ ಸಣ್ಣ ಮನೆ ಹುಡುಕಿ. ಅರ್ಧ ಸೈಟಿನ ಮನೆಯಾದರೂ ಪರವಾಗಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. ನಿಮ್ಮ ವರ್ಷದ ಆದಾಯ 4 ಲಕ್ಷ 56 ಸಾವಿರ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0ರಲ್ಲಿ 3ರಿಂದ 6 ಲಕ್ಷದವರು ಕಡಿಮೆ ಆದಾಯದ ಗುಂಪಿಗೆ ಬರುತ್ತಾರೆ. 2024ರ ಸೆಪ್ಟೆಂಬರ್ 1ರಿಂದ ಈಚೆಗೆ ಮಂಜೂರಾದ ಮನೆ ಸಾಲಕ್ಕೆ, ಸಾಲ 25 ಲಕ್ಷದ ಒಳಗೆ, ಮನೆ ಬೆಲೆ 35 ಲಕ್ಷದ ಒಳಗೆ ಇದ್ದರೆ ಬಡ್ಡಿ ಸಬ್ಸಿಡಿ ಸಿಗುತ್ತದೆ. ಮೊದಲ 8 ಲಕ್ಷದ ಮೇಲೆ ಶೇ. 4. ಒಟ್ಟು 1 ಲಕ್ಷ 80 ಸಾವಿರದವರೆಗೆ, ಐದು ವರ್ಷದ ಕಂತಿನಲ್ಲಿ. ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬದ ಯಾರ ಹೆಸರಿನಲ್ಲೂ ಪಕ್ಕಾ ಮನೆ ಇರಬಾರದು. ಮನೆ ಹೆಂಡತಿಯ ಹೆಸರಿನಲ್ಲೋ ಇಬ್ಬರ ಹೆಸರಿನಲ್ಲೋ ಇರಲಿ. ಬರೀ ಸೈಟಿಗೆ ಇದು ಸಿಗುವುದಿಲ್ಲ. ನಿಮ್ಮ ಪರಿಚಯದವರಲ್ಲಿ ವರ್ಷಕ್ಕೆ 3 ಲಕ್ಷದ ಒಳಗಿನವರು, ಸ್ವಂತ ಜಾಗ ಇದ್ದೂ ಮನೆ ಕಟ್ಟಲಾಗದವರು ಇದ್ದರೆ ಅವರಿಗೆ ಇದೇ ಯೋಜನೆಯ ಇನ್ನೊಂದು ದಾರಿ ಇದೆ. ಅಲ್ಲಿ ಕೇಂದ್ರದಿಂದ ಒಂದೂವರೆ ಲಕ್ಷ, ರಾಜ್ಯದ ಪಾಲು ಬೇರೆ. ನಗರಸಭೆಯಲ್ಲಿ ವಿಚಾರಿಸಲು ಹೇಳಿ.

ಲೀಸಿನ ವಿಷಯ. ಲೆಕ್ಕದಲ್ಲಿ ನೋಡಿದರೆ ನಿಮಗೆ ಲಾಭವೇ. 6 ಲಕ್ಷಕ್ಕೆ ಶೇ. 7 ಬಡ್ಡಿ ಅಂದರೆ ತಿಂಗಳಿಗೆ 3,500. ಬಾಡಿಗೆ 9 ಸಾವಿರ ಉಳಿಯುತ್ತದೆ. ಆದರೆ ಆ 6 ಲಕ್ಷ ವಾಪಸ್ ಬರುತ್ತದಾ ಅನ್ನುವುದೇ ಪ್ರಶ್ನೆ. ಲೀಸಿಗೆ ಕೊಡುವವರು ಸಾಮಾನ್ಯವಾಗಿ ದುಡ್ಡಿನ ತುರ್ತು ಇರುವವರು. ಮಗಳ ಮದುವೆ, ಆಪರೇಷನ್ನು, ಮೇಲಿನ ಮಹಡಿ ಕಟ್ಟುವ ಖರ್ಚು. ನಿಮ್ಮ ದುಡ್ಡು ಆ ವಾರವೇ ಖರ್ಚಾಗಿರುತ್ತದೆ. ನೀವು ಬಿಡುವಾಗ ಅವರಿಗೆ ಮುಂದಿನ ಲೀಸಿನವರು ಸಿಗಬೇಕು, ಆಗಲೇ ನಿಮ್ಮ ದುಡ್ಡು. ಆದ್ದರಿಂದ ಮೊದಲು ಇ.ಸಿ. (ಆಸ್ತಿಯ ಋಣಭಾರ ಪತ್ರ) ತೆಗೆಸಿ, ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ. ಇದ್ದರೆ ಬೇಡವೇ ಬೇಡ. ಕರಾರನ್ನು ಸುಮ್ನೆ ಸ್ಟಾಂಪ್ ಪೇಪರಿನಲ್ಲಿ ಬರೆದು ಬಿಡಬೇಡಿ. ಎರಡು ಮೂರು ವರ್ಷದ ಲೀಸು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ದುಡ್ಡು ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಡಿ. ಮತ್ತೆ, ಆ 6 ಲಕ್ಷ ನಿಮ್ಮ ಉಳಿತಾಯದ್ದಾಗಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಚಿನ್ನ ಅಡ ಇಟ್ಟೋ ಪರ್ಸನಲ್ ಲೋನ್ ಮಾಡಿಯೋ ಲೀಸಿಗೆ ಹೋಗಬಾರದು.

ಇವೆಲ್ಲ ನೀವು ಮಾಡಬಹುದಾದದ್ದು. ಊರು ಮಾಡಬೇಕಾದದ್ದೂ ಇದೆ, ಅದನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನ ಇಲ್ಲ. 1991–92ರಲ್ಲಿ ಆಶ್ರಯ ಯೋಜನೆ ಬಂದಾಗಿನಿಂದ ನಾವು ಬಡವರ ಮನೆ ಅಂದರೆ ಊರಾಚೆ ಪುಕ್ಕಟೆ ಜಾಗದಲ್ಲಿ ಕಟ್ಟುವುದು ಅಂತಲೇ ಅಂದುಕೊಂಡಿದ್ದೇವೆ. ಒಂದು ಊರಿನಲ್ಲಿ ಟೌನಿನಿಂದ ಐದು ಕಿಲೋಮೀಟರ್ ಆಚೆಯ ಬಡಾವಣೆಗೆ ಹೋಗಿದ್ದೆ. ಬೆಳಿಗ್ಗೆ ಬಸ್ಸು ಒಂದೇ. ಮನೆಕೆಲಸಕ್ಕೆ ಹೋಗುವ ಹೆಂಗಸರು ಆರು ಗಂಟೆಗೆ ಟೌನಿನಲ್ಲಿರಬೇಕು. ಆಟೋಗೆ ದಿನಕ್ಕೆ ನೂರು ರೂಪಾಯಿ ಕೊಟ್ಟರೆ ಸಂಬಳದಲ್ಲಿ ಉಳಿಯುವುದೇನು? ಎಷ್ಟೋ ಮಂದಿ ಹಕ್ಕುಪತ್ರ ಇರುವ ಮನೆಗೆ ಬೀಗ ಹಾಕಿ ಟೌನಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಬಡವರೂ ಬೀಗ ಹಾಕುತ್ತಾರೆ, ಬೇರೆ ಕಾರಣಕ್ಕೆ. ಸಣ್ಣ ಊರುಗಳಿಗೆ ಈಗ ಬೇಕಾಗಿರುವುದು ಊರೊಳಗೆ, ನಡೆದು ಹೋಗುವ ದೂರದಲ್ಲಿ, ಒಂದು ಕೋಣೆ ಎರಡು ಕೋಣೆಯ ಬಾಡಿಗೆ ಮನೆಗಳು. ಆವಾಸ್ ಯೋಜನೆಯ 2.0ರಲ್ಲಿ ಬಾಡಿಗೆ ಮನೆ ಕಟ್ಟಲು ಬೇರೆ ವಿಭಾಗವೇ ಇದೆ. ತೋಟದಿಂದ ನಿವೃತ್ತರಾಗಿ ಬಂದವರಿಗೆ ಅಲ್ಲಿ ಮೊದಲ ಸಾಲಿನಲ್ಲಿ ಜಾಗ ಕೊಡಬೇಕು. ಅಜ್ಜಿಯಂಥವರ ಮನೆಗೆ ನಗರಸಭೆಯೇ ನಡುವೆ ನಿಂತು, ಬಾಡಿಗೆಗೂ ಬಿಡಿಸಿಕೊಡುವುದಕ್ಕೂ ತಾನು ಜವಾಬ್ದಾರಿ ಅಂದರೆ ಆ ಆರು ಕೋಣೆಯ ಬೀಗ ತೆಗೆಯುತ್ತದೆ. ಹೊಸದಾಗಿ ಒಂದು ಇಟ್ಟಿಗೆಯೂ ಇಡಬೇಕಾಗಿಲ್ಲ.

ಅಲ್ಲಿಯ ತನಕ ನೀವೇ ಒಂದು ಪ್ರಯತ್ನ ಮಾಡಬಹುದು. ನಿಮ್ಮ ಬೀದಿಯ ಆ ನಾಲ್ಕು ಮನೆ ಯಾರದು ಅಂತ ವಿಚಾರಿಸಿ. ಬ್ರೋಕರ್ ಬೇಡ, ಪರಿಚಯದವರ ಮೂಲಕ ಹೋಗಿ. ದೊಡ್ಡ ಮನೆಯ ಒಂದು ಭಾಗ ಕೇಳಿ. 11 ತಿಂಗಳ ಕರಾರು, ಹತ್ತು ವರ್ಷ ಒಂದೇ ಮನೆಯಲ್ಲಿದ್ದಿರಿ ಅನ್ನುವ ಮಾತು, ಈಗಿನ ಮಾಲೀಕರ ಫೋನ್ ನಂಬರು ಇಷ್ಟು ಇಟ್ಟುಕೊಂಡು ಹೋದರೆ ಮಾತಾಡೋಕೆ ಧೈರ್ಯ ಬರುತ್ತದೆ. ಅಲ್ಲಿರುವವರು ವಯಸ್ಸಾದವರಾದರೆ ರಾತ್ರಿ ಹೊತ್ತಿಗೆ ಒಂದು ಮನೆಯವರು ಇದ್ದಾರೆ ಅನ್ನುವುದು ಅವರಿಗೆ ಬಾಡಿಗೆಗಿಂತ ದೊಡ್ಡದು.

ಯಾವುದೇ ಮನೆ ಕೊಳ್ಳುವ ಮಾತು ಮುಂದುವರಿದರೆ ಇಷ್ಟು ಕಾಗದ ಕೇಳಿ: ಇ-ಖಾತಾ, ಮೂವತ್ತು ವರ್ಷದ ಇ.ಸಿ., ಭೂ ಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ. ಬಿ-ಖಾತಾ (ಪೂರ್ತಿ ಸಕ್ರಮ ಆಗದ ಆಸ್ತಿಯ ಖಾತೆ) ಇದ್ದರೆ ಬ್ಯಾಂಕಿನವರು ಸಾಲ ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಜಮೀನು ಹಿಂದೆ ಪರಿಶಿಷ್ಟರಿಗೆ ಮಂಜೂರಾದದ್ದಾಗಿದ್ದರೆ ಸರ್ಕಾರದ ಅನುಮತಿ ಇಲ್ಲದೆ ಕೊಂಡದ್ದು 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ನಿಲ್ಲುವುದಿಲ್ಲ. ಎಷ್ಟೋ ವರ್ಷ ಕಳೆದ ಮೇಲೂ ಮೂಲ ಮನೆಯವರು ಅದನ್ನು ವಾಪಸ್ ಕೇಳಬಹುದು. ಮನೆ ವಿಭಾಗ ಆಗದ್ದಾದರೆ ಹೆಣ್ಣುಮಕ್ಕಳದೂ ಸೇರಿ ಎಲ್ಲರ ಸಹಿ ಬೇಕು. ಕಾಗದ ಕೈಗೆ ಸಿಕ್ಕ ಮೇಲೆ, ಅಡ್ವಾನ್ಸ್ ಕೊಡುವ ಮುಂಚೆ, ಇನ್ನೊಮ್ಮೆ ಬರೆಯಿರಿ.